ಬೇಲಿ ಹಾರಿದನೆಂದು ನೀವು ಹೇಳಿದ ಮನುಷ್ಯ

ನಮ್ಮ ಕೌಂಟಿಯ ಷರೀಫ್ ಸಾಹೇಬರೇ,

ನೀವು ನನ್ನ ಕೈಯಿಂದ ಸುಳ್ಳನ್ನು ಅಚ್ಚು ಹಾಕಿಸಿದಿರಿ. ಆ ಸುಳ್ಳಿನ ಮರೆಯಲ್ಲಿ ಒಂದು ಕೊಲೆ ಅಡಗಿದೆ. ಇಪ್ಪತ್ತೆರಡು ವರ್ಷದ ಸ್ನೇಹಕ್ಕೆ ಬೆಲೆ ಕೊಟ್ಟು ಮೊದಲು ನಿಮ್ಮ ಕಚೇರಿಗೇ ಬಂದು ಕೇಳಿದೆ, ನೀವು ನಕ್ಕು ಕಳಿಸಿದಿರಿ. ಆದ್ದರಿಂದ ಈಗ ಊರಿನ ಮುಂದೆ ಕೇಳುತ್ತಿದ್ದೇನೆ. ಇದುವರೆಗೆ ನೀನು ಎನ್ನುತ್ತಿದ್ದ ಬಾಯಿಗೆ ಇವತ್ತು ನೀವು ಎಂದು ಬರುತ್ತಿದೆ. ದೂರವಾದೆವಲ್ಲ, ಅದಕ್ಕೆ.

ಬುಧವಾರ ಬೆಳಿಗ್ಗೆ ನೀವು ನನ್ನ ಮುದ್ರಣಾಲಯಕ್ಕೆ ಬಂದು ಜೈಲಿನ ಸುದ್ದಿ ಹೇಳುವುದು, ನಾನು ಮರುಮಾತಿಲ್ಲದೆ ಅಚ್ಚುಮೊಳೆ ಜೋಡಿಸುವುದು ನಮ್ಮ ಪದ್ಧತಿ. ಅವತ್ತೂ ನನ್ನ ಹೆಂಡತಿ ಮಾಡಿದ ಪೀಚ್ ಪೈ ಬಾಯಲ್ಲಿಟ್ಟುಕೊಂಡೇ ಹೇಳಿದಿರಿ.

"ಬರ್ಕೊಳ್ಳಯ್ಯಾ ಓರಿನ್. ಲೂಷಸ್ ಗ್ಯಾಡಿಸ್ ಅಂತ, ಕರಿಯ, ಬಡಗಿ. ಮತದಾರರ ಪಟ್ಟೀಲಿ ಹೆಸರು ಬರೆಸ್ಬೇಕು ಅಂತ ಕೋರ್ಟ್ ಹತ್ರ ಬಂದು ಗಲಾಟೆ ಮಾಡ್ದ. ಒಳಗೆ ಹಾಕಿದ್ವಿ. ನಿನ್ನೆ ಸಾಯಂಕಾಲ ಹಿಂದಿನ ಬೇಲಿ ಹಾರಿ ಓಡ್ದ."

"ಸಿಕ್ಕಿದ್ನಾ?"

"ಗುಂಡಿಗೆ ಸಿಕ್ಕಿದ. ಜಿಂಕೆ ಓಡ್ದಂಗೆ ಓಡ್ತಿದ್ದ ಕಣಯ್ಯಾ!"

ಹೇಳಿದ್ದನ್ನೆಲ್ಲ ಮುಖಪುಟದಲ್ಲಿ ಹಾಕಿದೆ. ಸಾವಿನ ವಿಚಾರಣೆಗೆ ಕೂತ ನಿಮ್ಮ ಆರು ಜನ ಪಂಚರು ಅದನ್ನೇ ಓದಿಕೊಂಡು ಹೋಗಿ, ಒಂದು ಸಿಗರೇಟು ಉರಿದು ಮುಗಿಯುವಷ್ಟರಲ್ಲಿ, ಗುಂಡು ಹೊಡೆದದ್ದು ಸರಿ ಎಂದು ತೀರ್ಪು ಕೊಟ್ಟರು.

ನಮ್ಮ ಪತ್ರಿಕೆಗೆ ಇನ್ನೊಂದು ಪದ್ಧತಿಯಿದೆ. ಕಪ್ಪು ಜನರ ಮದುವೆ, ಮರಣ, ಚರ್ಚಿನ ಊಟ ಎಲ್ಲಕ್ಕೂ ಕೊನೆಯ ಪುಟ. ನನ್ನ ಅಪ್ಪ ಶುರುಮಾಡಿದ್ದು, ನಾನು ಮುಂದುವರಿಸಿದ್ದು. ಆ ಪುಟದ ಸುದ್ದಿ ಸೋಮವಾರವೇ ಬರುತ್ತದೆ. ಅದನ್ನು ಜೋಡಿಸುವಾಗ ನನ್ನ ಬೆರಳು ಕೆಲಸ ಮಾಡುತ್ತದೆ, ತಲೆ ಇನ್ನೆಲ್ಲೋ ಇರುತ್ತದೆ.

ಶುಕ್ರವಾರ ಲೂಷಸ್‌ನ ಹೆಂಡತಿ ಕ್ಲಿಯೋಲಾ ಗ್ಯಾಡಿಸ್ ಹಿಂಬಾಗಿಲಿನಿಂದ ಬಂದರು. ಆ ವಾರದ ಪತ್ರಿಕೆಯ ಮೊದಲ, ಕೊನೆಯ ಪುಟಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿದರು.

"ಇವೆರಡೂ ನೀವೇ ಜೋಡಿಸಿದ್ದಾ ಸಾರ್?"

"ಹೌದಮ್ಮ."

"ಓದೋದನ್ನ ಮಾತ್ರ ನಮ್ಗೆ ಬಿಟ್ರಾ?"

ಕೊನೆಯ ಪುಟದಲ್ಲಿ ಹೀಗಿತ್ತು: "ಚರ್ಚಿನ ಸೂರು ರಿಪೇರಿ ಮಾಡುವಾಗ ಬಿದ್ದು ಕಾಲು ಮುರಿದುಕೊಂಡ ಲೂಷಸ್ ಗ್ಯಾಡಿಸ್ ಮನೆಗೆ ಕೋಳಿ, ಜೋಳದ ಬ್ರೆಡ್ಡು ಕಳಿಸಿದವರಿಗೆಲ್ಲ ವಂದನೆಗಳು. ತೊಡೆಯವರೆಗಿನ ಪ್ಲಾಸ್ಟರ್ ಬಿಚ್ಚಲು ಇನ್ನೂ ನಾಲ್ಕು ವಾರ ಬೇಕು."

ಸಾಹೇಬರೇ, ಆ ಬೇಲಿಯನ್ನು ನಾನು ಹೋಗಿ ಅಳೆದೆ. ನನ್ನ ಎದೆಯವರೆಗೆ ಬರುತ್ತದೆ. ಊರುಗೋಲಿನ ಮೇಲೆ ಕೋರ್ಟಿಗೆ ಬಂದ ಮನುಷ್ಯ ಇದನ್ನು ಜಿಂಕೆಯಂತೆ ಹಾರಿದನೇ? ನಿಮ್ಮ ಜೈಲಿನಲ್ಲಿ ಯಾವ ಔಷಧಿ ಕೊಡುತ್ತೀರಿ? ನನ್ನ ಮಂಡಿನೋವಿಗೂ ಸ್ವಲ್ಪ ಕಳಿಸಿಕೊಡಿ.

ಇದನ್ನೇ ನಿಮ್ಮ ಎದುರು ನಿಂತು ಕೇಳಿದಾಗ ಏನೆಂದಿರಿ? "ಅವರ ಪುಟಾನ ಯಾರ್ ಓದ್ತಾರೋ, ದಡ್ಡ!" ಎಂದಿರಿ. ಆ ಪ್ಲಾಸ್ಟರ್ ವಿಷಯ ನಿಮಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಮನೆಯ ತಿಂಡಿ ತಿಂದು, ನನ್ನ ಪತ್ರಿಕೆಯ ಹೆಸರಿನಲ್ಲಿ ಕೊಲೆಯನ್ನು ಮುಚ್ಚಿಸಿದಿರಿ. ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದೇ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೂ ಇದೆ, ಏಕೆಂದರೆ ಆ ಪುಟವನ್ನು ನಾನೂ ಓದಿರಲಿಲ್ಲ. ಕಪ್ಪು ಜನ ಎರಡೂ ಪುಟ ಓದುತ್ತಾರೆ. ಅವರ ಕೇರಿಗೆಲ್ಲ ಗುರುವಾರ ಪತ್ರಿಕೆ ಬಂದ ಕೂಡಲೇ ಸತ್ಯ ಗೊತ್ತಾಗಿತ್ತು. ಊರಿನಲ್ಲಿ ಕುರುಡರಾಗಿದ್ದವರು ನಾವು ಬಿಳಿಯರು ಮಾತ್ರ.

ನಾನು ವಿಚಾರಿಸುತ್ತಿದ್ದೇನೆ ಎಂದು ತಿಳಿದ ಮೇಲೆ ಊರು ಬದಲಾಗಿದೆ. ಭಾನುವಾರ ಚರ್ಚಿನ ಬೆಂಚಿನಲ್ಲಿ ನಮ್ಮ ಪಕ್ಕ ಯಾರೂ ಕೂರಲಿಲ್ಲ. ಮೂವತ್ತು ವರ್ಷದಿಂದ ನನ್ನ ಕೂದಲು ಕತ್ತರಿಸುವ ಕ್ಷೌರಿಕ, "ಕತ್ತರಿ ಮೊಂಡಾಗಿದೆಯಪ್ಪ, ಬೇರೆ ಕಡೆ ನೋಡ್ಕೋ" ಎಂದು, ನನ್ನ ಹಿಂದೆ ನಿಂತಿದ್ದವನನ್ನು ಕುರ್ಚಿಗೆ ಕರೆದ. ಇದೆಲ್ಲ ನಿಮ್ಮ ಏರ್ಪಾಡು ಎಂದು ನಾನು ಹೇಳುವುದಿಲ್ಲ. ನೀವು ಅಷ್ಟು ಶ್ರಮ ಪಡಬೇಕಾಗಿಯೇ ಇಲ್ಲ.

ಆ ಶುಕ್ರವಾರ ಶ್ರೀಮತಿ ಗ್ಯಾಡಿಸ್ ಅವರಿಗೆ, "ತಿದ್ದುಪಡಿ ಹಾಕ್ತೀನಮ್ಮ" ಎಂದೆ. "ಎಲ್ಲಿ?" ಎಂದರು. ನನ್ನ ಕೈ ತಾನಾಗಿಯೇ ಕೊನೆಯ ಪುಟದ ಕಡೆಗೆ ಹೋಯಿತು.

"ನಮ್ಗೆ ಗೊತ್ತಿರೋದನ್ನ ನಮ್ಗೇ ಹೇಳ್ತೀರಾ ಸಾರ್? ಗೊತ್ತಿಲ್ದೋರಿಗೆ ಹೇಳಿ."

ಆದ್ದರಿಂದಲೇ ಈ ಪತ್ರ ಮುಖಪುಟದಲ್ಲಿದೆ.

ಈಗ ನನ್ನ ಬೇಡಿಕೆ. ವಿಚಾರಣೆ ಮತ್ತೆ ನಡೆಯಲಿ. ಪ್ಲಾಸ್ಟರ್ ಹಾಕಿದ ಡಾಕ್ಟರನ್ನು ಸಾಕ್ಷಿಗೆ ಕರೆಸಿ. ಗುಂಡು ಹೊಡೆದವನ ಹೆಸರು ಹೇಳಿ. ಬರುವ ವಾರ ನಿಮ್ಮ ಉತ್ತರಕ್ಕೆಂದು ಇದೇ ಪುಟದಲ್ಲಿ ಅಂಗೈಯಗಲ ಜಾಗ ಬಿಡುತ್ತೇನೆ. ಬಾರದಿದ್ದರೆ ಆ ಜಾಗವನ್ನು ಬಿಳಿಯಾಗಿಯೇ ಅಚ್ಚು ಹಾಕುತ್ತೇನೆ. ಮೇಲೆ ಒಂದೇ ಸಾಲು: "ಲೂಷಸ್ ಗ್ಯಾಡಿಸ್ ಸತ್ತದ್ದು ಹೇಗೆ? ಷರೀಫರ ಉತ್ತರ." ಅದರ ಮುಂದಿನ ವಾರವೂ ಹಾಕುತ್ತೇನೆ. ಯಂತ್ರ ಮುರಿಯುವವರೆಗೆ, ಅಥವಾ ನೀವು ಯಾರನ್ನಾದರೂ ಕಳಿಸಿ ಮುರಿಸುವವರೆಗೆ ಹಾಕುತ್ತೇನೆ.

ಇಂತಿ,
ನಿಮ್ಮ ಮಾತನ್ನು ಇಪ್ಪತ್ತೆರಡು ವರ್ಷ ಕೇಳಿದಂತೆಯೇ ಅಚ್ಚು ಹಾಕಿದ
ಓರಿನ್ ಪ್ರೂಯಿಟ್
ಸಂಪಾದಕ, ಬೆಲ್‌ಫರ್ನ್ ವಾರಪತ್ರಿಕೆ
ಮಿಸಿಸಿಪ್ಪಿ, ಅಕ್ಟೋಬರ್ ೧೯೬೨