ಕಾಣಿಕೆ ಚೀಲಕ್ಕೆ ಬಿದ್ದ ಮಾತ್ರೆಗಳು

ರೂತಳ ಪಪ್ಪಾ,

ನಿಮ್ಮ ಅಮ್ಮನಿಗೆ ತಲೆಸುತ್ತು ಜೋರಾಗಿದೆ. ಮಣಿಪಾಲಕ್ಕೆ, ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಗಂಜಿ ಒಲೆಯ ಮೇಲೆ ಉಂಟು. ಚಟ್ನಿ ಬೇಕಾದರೆ ನೀವೇ ಅರೆದುಕೊಳ್ಳಿ.

ಅವರ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕಾರ್ಕಳದ ಪ್ರಾರ್ಥನಾ ಕೂಟದಲ್ಲಿ ಕಾಣಿಕೆ ಚೀಲಕ್ಕೆ ಹಾಕಿ ಬಂದಿರಲ್ಲ, ಅದೆಂತ ವಿಶ್ವಾಸ ಮಾರಾಯ್ರೇ? ವೈದ್ಯರನ್ನು ನಂಬಿದ್ದಕ್ಕೇ ಅರಸನಾದ ಆಸ ಸತ್ತನೆಂದು ಅಲ್ಲಿ ನಿಮ್ಮ ಪ್ರಸಂಗಿ ಹೆದರಿಸಿದರು. ಬೈಬಲಿನ ಎರಡನೇ ಪೂರ್ವಕಾಲವೃತ್ತಾಂತ, ಹದಿನಾರನೇ ಅಧ್ಯಾಯ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ. ಮೊದಲಿನಿಂದ ಓದಿ. ತನ್ನ ತಪ್ಪನ್ನು ಎತ್ತಿ ತೋರಿಸಿದ ಪ್ರವಾದಿಯನ್ನು ಆಸ ಸೆರೆಗೆ ಹಾಕಿಸಿದ್ದೂ ಅದೇ ಪುಟದಲ್ಲಿ ಉಂಟು. ಪ್ರಸಂಗಿ ಅದನ್ನು ಓದಲೇ ಇಲ್ಲ.

ನಿನ್ನೆ ಮಾತ್ರೆ ಹಾಕಿ ಬಂದದ್ದು ತಪ್ಪು ಎಂದು ಹೇಳಿದ್ದಕ್ಕೆ "ಸೈತಾನನ ಮಾತು, ಬಾಯಿ ಮುಚ್ಚು" ಎಂದಿರಿ. ಈ ಮನೆಯಲ್ಲಿ ಆಸ ಯಾರು? ಡಾಕ್ಟರರ ಹತ್ತಿರ ಹೊರಟ ಅಮ್ಮ ಅಲ್ಲ.

ಸುಗುಣಾ