ಮೂರನೆಯ ಫೋಟೋದ ಹಿಂಬದಿ

ಇಚಲಕರಂಜಿ
ಗುರುವಾರ, 6 ನವೆಂಬರ್ 2025

ನನ್ನವ್ವ ಯಮುನವ್ವನ ಪಾದಗಳಿಗೆ ಉಜ್ವಲಾಳ ನಮಸ್ಕಾರ.

ಫೋನ್ ಬಿಟ್ಟು ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಗಾಬರಿ ಸದ್ಯಕ್ಕೆ ನನ್ನ ಪಾಲಿಗೇ ಇರಲಿ. ಫೋನಿನಲ್ಲಿ ಆಡಿದ ಮಾತು ಗಡಹಿಂಗ್ಲಜದ ಮನೆಗೆಲ್ಲ ಕೇಳುತ್ತದೆ. ದತ್ತಾಣ್ಣ, ಸರಿತಾ ವೈನಿ, ಗಂಡ ಹೆಂಡತಿ ಇಬ್ಬರೂ ಮರಾಠಿ ಶಾಲೆಯವರು, ಅವರಿಗೆ ಕನ್ನಡ ಓದಲು ಬಾರದು. ನನ್ನೊಬ್ಬಳನ್ನೇ ಸಂಕೇಶ್ವರದ ಅಜ್ಜಿಯ ಮನೆಯಲ್ಲಿಟ್ಟು ಕನ್ನಡ ಶಾಲೆಗೆ ಹಾಕಿದ್ದೆಯಲ್ಲ, ಅದು ಈಗ ಉಪಯೋಗಕ್ಕೆ ಬಂತು. ಈ ಹಾಳೆಯನ್ನು ಚಕ್ಕುಲಿ ಡಬ್ಬಿಯ ತಳದಲ್ಲಿಟ್ಟು ಕಳಿಸುತ್ತಿದ್ದೇನೆ.

ಆ ಮೂರು ಫೋಟೋಗಳನ್ನು ನಾನು ಸುಡಲಿಲ್ಲ. ಹೋದ ವಾರ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅವನ್ನು ಕುಬಸದೊಳಗಿಂದ ತೆಗೆದು ನನ್ನ ಕೈಗೆ ತುರುಕಿ, "ನೋಡಬ್ಯಾಡ, ಯಾರಿಗೂ ತೋರಸಬ್ಯಾಡ, ಒಲಿಗೆ ಹಾಕು" ಎಂದೆ. ಮರುದಿನ ಆಪರೇಶನ್ನೇ ಬೇಡ ಎಂದು ಹಟ ಹಿಡಿದು ಊರಿಗೆ ಹೋದೆ. ಪಿತ್ತಕೋಶದ ಕಲ್ಲು ಇನ್ನೊಮ್ಮೆ ಕೆರಳಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ನಿನಗೂ ಕೇಳಿಸಿದೆ. ನೀನು ಚಾಕುವಿಗೆ ಅಂಜಿದೆ ಎಂದೇ ಎಲ್ಲರೂ ತಿಳಿದರು. ಆದರೆ ಪಕ್ಕದ ಮಂಚದ ಚೆನ್ನವ್ವ ಆಪರೇಶನ್ ಮುಗಿದು ಮಂಪರಿನಲ್ಲಿದ್ದಾಗ, ನಾದಿನಿಯ ಬೋರಮಾಳ ಸರ ಮುಚ್ಚಿಟ್ಟವಳು ತಾನೇ ಎಂದು ಎಲ್ಲರೆದುರು ಒದರಿದಳು, ನೆನಪಿದೆಯೆ? ವಾರ್ಡೆಲ್ಲ ನಕ್ಕಿತು. ನೀನೊಬ್ಬಳು ನಗಲಿಲ್ಲ. "ಬೇಶುದ್ಧ ಮಾಡಿದ್ರ ಬಾಯಿ ನಮ್ಮ ಮಾತ ಕೇಳೂದಿಲ್ಲ" ಎಂದೆ. ನಿನ್ನ ಅಂಜಿಕೆ ಅಲ್ಲಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಫೋಟೋದಲ್ಲಿದ್ದವರು ಜೋತಿಬಾ ದೊಡ್ಡಪ್ಪ, ನಿನ್ನ ಮೊದಲ ಗಂಡ. ಪಡಸಾಲೆಯ ಗೋಡೆಯಲ್ಲಿ ಮಾಲೆ ಹಾಕಿಸಿಕೊಂಡು ಕೂತಿರುವ ಅದೇ ಮುಖ, ಗಡ್ಡ ಮಾತ್ರ ಬೆಳೆದಿದೆ. ಹಿಂಬದಿಯಲ್ಲಿ ಚೀನಿ ಬರಹ. ಅರವತ್ತೆರಡರ ಚೀನಾ ಲಡಾಯಿಯಲ್ಲಿ ಅವರು ತೀರಿಕೊಂಡರೆಂದು ತಂತಿ ಬಂತು, ಮುಂದಿನ ಹೋಳಿ ಹಬ್ಬಕ್ಕೆ ಹಿರಿಯರು ಕೂಡಿ ಅವರ ತಮ್ಮನ ಜೊತೆ, ಅಂದರೆ ನನ್ನಪ್ಪ ಭರಮಪ್ಪನ ಜೊತೆ, ನಿನಗೆ ಉಡಿಕಿ ಮದುವೆ ಮಾಡಿ ಮತ್ತೆ ಹಸಿರು ಬಳೆ ಇಡಿಸಿದರು. ಮಳೆಗಾಲಕ್ಕೆ ಮೊದಲು ದೊಡ್ಡಪ್ಪನ ಗೆಳೆಯನೊಬ್ಬ ಕುಂಟುತ್ತ ಹಿತ್ತಿಲ ಬಾಗಿಲಿಗೆ ಬಂದು, ಏನೋ ಕೊಟ್ಟು, ನೀರನ್ನೂ ಕುಡಿಯದೆ ಹೋದ. ಇಷ್ಟನ್ನು ನೀನೇ ಎಂದೋ ಹೇಳಿದ್ದೆ. ಆ ಬಾಗಿಲಿಗೆ ನೀನು ಹಗಲಲ್ಲೂ ಅಗಳಿ ಹಾಕುತ್ತಿದ್ದೆ. ಆಡುತ್ತಾ ನಾವು ತೆರೆದರೆ ಬೆನ್ನಿಗೆ ಏಟು ಬೀಳುತ್ತಿತ್ತು.

ನಾನು ಬಟ್ಟೆ ತಪಾಸಣೆಗೆ ಹೋಗುವ ಶಾಂತಿನಾಥ ಮಾಲೀಕರ ಕಾರ್ಖಾನೆಗೆ ಹೊಸ ಮಗ್ಗಗಳು ಬಂದಿವೆ. ಅವನ್ನು ಜೋಡಿಸಲು ಚೀನಾದ ಇಂಜಿನಿಯರ್ ಬಂದಿದ್ದಾನೆ. ಮೊದಲು ಮಾಲೀಕರ ಸೊಸೆ ಸೋನಲ ಆ ಬರಹದ ಮೇಲೆ ತನ್ನ ಮೊಬೈಲ್ ಹಿಡಿದು ಅನುವಾದ ಮಾಡಿಸಿ ನೋಡಿದಳು. ಅದು ಗೋಧಿ, ಕಿಟಕಿ, ಅಣ್ಣ ಎಂದು ತಲೆಬುಡವಿಲ್ಲದ್ದನ್ನು ಹೇಳಿತು. "ಅಕ್ಕಾರ, ಇವು ಯಾರ ಫೋಟೋ ರೀ?" ಎಂದು ಕೇಳಿದಳು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು ಎಂದು ಸುಳ್ಳು ಹೇಳಿದೆ. ಆ ಇಂಜಿನಿಯರ್ ಒಂದೊಂದು ಗೆರೆಯನ್ನೂ ತನ್ನ ಅಂಗೈ ಮೇಲೆ ಬೆರಳಿನಿಂದ ತೀಡಿ ನೋಡಿದ. ಅವಸರದ ಹಳೆಯ ಕೈಬರಹ, ತನಗೆ ಪೂರ್ತಿ ತಿಳಿಯದು ಎಂದು ಊರಲ್ಲಿರುವ ತಂದೆಗೆ ಚಿತ್ರ ತೆಗೆದು ಕಳಿಸಿದ. ಬಂದ ಉತ್ತರ ಅಣ್ಣನ ಕಿವಿಗೆ ಬಿದ್ದರೆ ಹೇಗೆ ಎಂದು ಹೆದರಿದೆ. ನಾನು ಹುಟ್ಟಿದ್ದೇ ಯಾರದೋ ಜಾಗ ಕಸಿದುಕೊಂಡು ಇರಬಹುದೆ ಎಂದೂ ಹೆದರಿದೆ ಅವ್ವಾ.

ಮೊದಲನೆಯದರ ಹಿಂದೆ, ಸೆರೆಯಾಳುಗಳ ಶಿಬಿರ, 1963 ಜನವರಿ ಎಂದಿದೆ. ಎರಡನೆಯದರಲ್ಲಿ ದೊಡ್ಡಪ್ಪ ಮಂಚದ ಮೇಲೆ ಕೂತಿದ್ದಾರೆ, ಕಾಲಿಗೆ ಬಟ್ಟೆ ಸುತ್ತಿದೆ. ಹಿಮದಲ್ಲಿ ಕೊಳೆತ ಎಡಗಾಲಿನ ಬೆರಳು ತೆಗೆಯಲಾಗಿದೆ, ಏಪ್ರಿಲ್ ಎಂದು ಬರೆದಿದೆ. ಹೋಳಿ ಮಾರ್ಚಿನಲ್ಲೇ ಆಗಿ ಹೋಗಿತ್ತು. ನೀನು ಬಳೆ ಇಟ್ಟುಕೊಂಡ ದಿನ ಅವರು ಬದುಕಿದ್ದರು. ಮೂರನೆಯದು ನೀರು ತಗುಲಿ ಅಳಿಸಿದೆ, ಓದಲಾಗಲಿಲ್ಲ. ಆಮೇಲೆ ಅಲ್ಲೇ ತೀರಿಕೊಂಡಿರಬೇಕು, ಗೆಳೆಯ ಫೋಟೋ ತಂದುಕೊಟ್ಟಿರಬೇಕು. ಸುಳ್ಳು ಹೇಳಿದ್ದು ಆ ತಂತಿ, ನೀನಲ್ಲ.

ಸೋಮವಾರಕ್ಕೆ ಮತ್ತೆ ಆಪರೇಶನ್ ಗೊತ್ತು ಮಾಡಿಸಿದ್ದೇನೆ. ಭಾನುವಾರ ನಾನೇ ಬಂದು ಕರೆದೊಯ್ಯುತ್ತೇನೆ. ಕಬ್ಬಿನ ಕಟಾವು ಬಿಟ್ಟು ಬರುವುದು ಬೇಡ ಎಂದು ಅಣ್ಣನಿಗೆ ಹೇಳಿದ್ದೇನೆ. ಈ ಸಲ ಹೂಂ ಅನ್ನು. ನಿನ್ನನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ನಿನ್ನ ಹೊಟ್ಟೆಯ ಮಗಳು,
ಉಜ್ವಲಾ

ತಾ.ಕ.: ಪತ್ರ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಮುಂದೆ ಸುಳ್ಳು ಹೇಳಿದರೆ ನೀನು ಮತ್ತೆ ಒಬ್ಬಳೇ ಉಳಿಯುತ್ತೀ. ಮೂರನೆಯದು ಅಳಿಸಿಲ್ಲ. "ಮೇ. ಬಿಡುಗಡೆ. ಮೂರೂ ಫೋಟೋ ಇವನ ಕೈಗೇ ಕೊಟ್ಟಿದೆ" ಎಂದಿದೆ. ಹಿತ್ತಿಲಿಗೆ ಕುಂಟುತ್ತ ಬಂದದ್ದು ಗೆಳೆಯನಲ್ಲ, ದೊಡ್ಡಪ್ಪನೇ. ನಿನ್ನ ಕೈಯ ಬಳೆ ನೋಡಿ ತಿರುಗಿ ಹೋದರು. ಅವತ್ತಿನಿಂದ ನೀನು ಆ ಅಗಳಿ ತೆಗೆದಿಲ್ಲ. ಸೋಮವಾರ ಎಚ್ಚರ ಬರುವಾಗ ನಿನ್ನ ಬಾಯಿ ಏನು ಬೇಕಾದರೂ ಹೇಳಲಿ, ಅವರ ಹೆಸರು ಹಿಡಿದೇ ಕೂಗಲಿ. ಈ ಸಲ ವಾರ್ಡ್ ಅಲ್ಲ, ಬೇರೆ ಕೋಣೆ ಹಿಡಿದಿದ್ದೇನೆ, ಪಕ್ಕದಲ್ಲಿ ನಾನೊಬ್ಬಳೇ ಇರುತ್ತೇನೆ. ಫೋಟೋ ನನ್ನ ಹತ್ತಿರ ಇರಲಿ. ಒಲೆಗೆ ಈ ಪತ್ರ ಹಾಕು.