ಹಾವಿನ ರೈಲಿನ ಮುಂದಿನ ಸೀಟು

ಜನವರಿ 20

ಅಂಗಡಿ ಒಂಬತ್ತಕ್ಕೇ ತೆರೆದೆ. ಆಧಾರ್ ಜೆರಾಕ್ಸ್, ಪಹಣಿ, ಮತ್ತೆ ಆಧಾರ್. ಮಸ್ಕಿಯ ಜನ ಹುಟ್ಟಿರುವುದೇ ಜೆರಾಕ್ಸ್ ಮಾಡಿಸಲಿಕ್ಕೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಫೋನು ಟಣಟಣ — 'ನಮ್ಮೂರ ನೆನಪು' ಗ್ರೂಪು. ಲಿಂಗಸುಗೂರಿನ ಪ್ರಿಯಾಂಕಾ ಅನ್ನುವವಳು ಫೋಟೊ ಹಾಕಿದ್ದಾಳೆ. ಸಿಂಧನೂರಿನ ಹೊರಗೆ ಕಾಲುವೆ ಪಕ್ಕದ ಪಾರ್ಕು. ಅದರೊಳಗಿನ ಹಾವಿನ ರೈಲು, ಹಾವಿನ ಮುಖದ ಆಟದ ರೈಲು. ಹಸಿರು ಬಣ್ಣ ಕಿತ್ತುಹೋಗಿದೆ, ಹಳಿ ತುಂಬ ಬಳ್ಳಿ. ಲಾಕ್‌ಡೌನಿಗೆ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಫೆಬ್ರವರಿ ಹನ್ನೊಂದಕ್ಕೆ ಗುಜರಿಯವರು ಬಂದು ಕಡಿಯುತ್ತಾರಂತೆ. ಜಾಗ ಲೇಔಟ್ ಆಗುತ್ತದಂತೆ.

ಸಂಜೆಯೊಳಗೆ ನೂರು ಮೆಸೇಜು. ತಿರುವಿನಲ್ಲಿ ಕಿರ್ರ್ ಅನ್ನುತ್ತಿದ್ದದ್ದು, ಇಳಿಜಾರಿನಲ್ಲಿ ಹೊಟ್ಟೆ ಗಂಟಲಿಗೆ ಬರುತ್ತಿದ್ದದ್ದು, ಇಳಿದ ಮೇಲೆ ಮಂಡಕ್ಕಿ ಮಿರ್ಚಿ. ನಾನೇನೂ ಬರೆಯಲಿಲ್ಲ. ಅವ್ವ ಕೇಳಿದಳು, "ಏನ್ ನೋಡಾಕತ್ತಿಯೇ ಅಷ್ಟ್?" ಏನಿಲ್ಲ ಅಂದೆ.

ಜನವರಿ 21, ಬೆಳಿಗ್ಗೆ 6

ಬರೆದುಬಿಡುತ್ತೇನೆ. ಗೊಬ್ಬರದಂಗಡಿಯ ಪುಕ್ಕಟೆ ಡೈರಿ, ಯಾರು ಓದುತ್ತಾರೆ.

2009, ಮೇ ತಿಂಗಳು. ರೈಲು ಶುರುವಾಗಿ ಒಂದು ವರ್ಷ. ನನಗೆ ಹದಿಮೂರು, ತಂಗಿ ಅಮೂಲ್ಯಾಗೆ ಏಳು. ಪಾರ್ಕಿಗೆ ಇಬ್ಬರೇ ಹೋಗಿದ್ದೆವು. ರೈಲು ಹತ್ತಲು ಎತ್ತರ ಅಳೆಯುವ ಜೋಕರ್ ಬೋರ್ಡಿನ ಕೈಗೆ ತಲೆ ತಾಗಬೇಕಿತ್ತು. ಬೆಳಿಗ್ಗೆಯೇ ಅವ್ವನ ಕೈಲಿ ನೆತ್ತಿ ಮೇಲೆ ತುರುಬು ಕಟ್ಟಿಸಿಕೊಂಡು ಬಂದಿದ್ದಳು, ಚಾಲಾಕಿ. ತಾಗಿತು. ಅಷ್ಟರಲ್ಲಿ ನನ್ನ ಕ್ಲಾಸಿನ ಹುಡುಗಿಯರು ಸಿಕ್ಕರು. ತಂಗಿಯನ್ನು ತೊಡೆಗೆ ಅಂಟಿಸಿಕೊಂಡು ಕೂರಲು ನಾಚಿಕೆ. "ಅಣ್ಣಾ, ಅದು ಬರೇ ತುರುಬು ರೀ. ಆಕಿ ಗಿಡ್ಡದಾಳ" ಅಂದುಬಿಟ್ಟೆ. ಆಪರೇಟರ್ ತುರುಬು ಒತ್ತಿ ನೋಡಿದ. ಎರಡು ಬೆರಳು ಕಡಿಮೆ.

ಕಂಬಿ ಹೊರಗೆ ನಿಂತಳು. ಹಳದಿ ಫ್ರಾಕು. ನಾನು ಎರಡು ಸಲ ಹತ್ತಿದೆ.

ಮನೆಯಲ್ಲಿ, ಇಬ್ಬರೂ ಹತ್ತಿದೆವು ಅಂದೆ. ಅವಳು ಸುಮ್ಮನಿದ್ದಳು. ಜುಲೈನಲ್ಲಿ ಅವಳಿಗೆ ಜ್ವರ. ಆಸ್ಪತ್ರೆ ಮಂಚದ ಪಕ್ಕ ಕೂತು ಅವ್ವ ಮಾತಾಡಿಸಲೆಂದು ಕೇಳಿದಳು — "ರೈಲು ಹೆಂಗಿತ್ತವ್ವಿ?" ಅವಳು ನನ್ನನ್ನೇ ನೋಡುತ್ತ, "ಚಲೋ ಇತ್ತವ್ವ" ಅಂದಳು. ಪಂಚಮಿ ಜೋಕಾಲಿ ಕಟ್ಟುವ ಮೊದಲೇ ಹೋದಳು.

ಅಂದಿನಿಂದ ಅವ್ವನಿಗೆ ಒಂದೇ ಸಮಾಧಾನ. "ಇರ್ಲಿ ಬಿಡು, ನಮ್ಮ ಕೂಸು ಹಾವಿನ ರೈಲಾದ್ರೂ ಹತ್ತಿ ಹೋತು." ಹದಿನಾರು ವರ್ಷದಿಂದ ಇದನ್ನು ಕೇಳುತ್ತ ಉಣ್ಣುತ್ತಿದ್ದೇನೆ.

ಜನವರಿ 23

ತುರ್ವಿಹಾಳದ ಹೊನ್ನೂರಪ್ಪ ಅನ್ನುವವರು ಗ್ರೂಪಿನಲ್ಲಿ ಬರೆದಿದ್ದಾರೆ. ಇದ್ದಂತೆಯೇ ಇಳಿಸಿಕೊಳ್ಳುತ್ತೇನೆ: "2013ರಾಗ ನಾ ಹತ್ತಿದ್ದೆ. ಅಂಜಿಕಿ ಆಗಿ ಕಣ್ ಮುಚ್ಚಿದ್ದೆ. ಮುಂದಿನ ಸೀಟಿನ್ಯಾಗ ಒಂದು ಸಣ್ಣ ಹುಡಿಗಿ ಹೊಳ್ಳಿ ನೋಡಿ, ಅಣ್ಣಾ ಗಟ್ಟಿ ಹಿಡ್ಕೋ ಅಂತ ನಕ್ತು. ಹಳದಿ ಫ್ರಾಕ್. ನೆತ್ತಿ ಮ್ಯಾಲೆ ತುರುಬು. ಯಾರ್ ಮಗಳೋ ಏನೋ, ಭಾಳ ಧೈರ್ಯದ ಕೂಸು."

ಹಳದಿ ಫ್ರಾಕಿನ ಹುಡುಗಿಯರು ಊರಿಗೆ ನೂರು ಜನ, ನನ್ನದು ಕಳ್ಳನ ಮನಸ್ಸು ಹುಳ್ಳಹುಳ್ಳಗೆ — ಅಂದುಕೊಂಡು ಅಂಗಡಿ ಬಾಗಿಲು ಎಳೆದೆ.

ಜನವರಿ 24

ಪ್ರಿಯಾಂಕಾಳೂ ನೋಡಿದ್ದಾಳೆ. 2016. ಬಳಗಾನೂರಿನ ಒಬ್ಬರು, 2011. ಸಾಲಗುಂದದ ಮೇಷ್ಟ್ರು, 2019. ಅದೇ ಫ್ರಾಕು, ಅದೇ ತುರುಬು. ಅದೇ ಎತ್ತರ. ಅದನ್ನು ಯಾರೂ ಗಮನಿಸಿಲ್ಲ! ಎಂಟು ವರ್ಷದಲ್ಲಿ ಬೆಳೆಯದ ಕೂಸು ಯಾವುದು ಅಂತ ಒಬ್ಬರೂ ಕೇಳುತ್ತಿಲ್ಲ. "ಹೌದೌದು, ಆ ಪಾಪು" ಅಂತ ನಗುವ ಗೊಂಬೆ ಹಾಕುತ್ತಿದ್ದಾರೆ.

ಗ್ರೂಪು ಮ್ಯೂಟ್ ಮಾಡಿದೆ.

ಫೆಬ್ರವರಿ 2, ಭಾನುವಾರ

ಎಂಟು ದಿನ ಬರೆಯಲಿಲ್ಲ. ಇವತ್ತು ಅವ್ವನಿಗೆ ಪೇಪರ್ ಬಂಡಲ್ ತರುತ್ತೇನೆಂದು ಸುಳ್ಳು ಹೇಳಿ ಸಿಂಧನೂರು ಬಸ್ಸು ಹತ್ತಿದೆ. ಸುತ್ತ ಭತ್ತದ ನಾಟಿ, ಕಾಲುವೆ ತುಂಬ ನೀರು. ಪಾರ್ಕಿನೊಳಗೆ ಮಾತ್ರ ಹಕ್ಕಿ ಕೂಡ ಕೂಗುವುದಿಲ್ಲ.

ಅದೇ ಆಪರೇಟರ್. ಗಾದಿಲಿಂಗ ಅಂತ ಹೆಸರು. ಈಗ ವಾಚ್‌ಮನ್. ನನ್ನ ಕಥೆ ಹೇಳಿದೆ. ಅವನಿಗೆ ನೆನಪೇ ಇಲ್ಲ.

"ನೂರಾರ್ ಕೂಸು ವಾಪಸ್ ಕಳ್ಸೀನವ್ವ. ಯಾವ್ದಂತ ನೆನಪಿಡ್ಲಿ?"

ಹದಿನಾರು ವರ್ಷ ನಾನು ಹೊತ್ತದ್ದು ಅವನಿಗೆ ಒಂದು ಸಂಜೆಯೂ ಅಲ್ಲ. ಸಿಟ್ಟು ಬಂತು. ಮುಂದಿನ ಸೀಟಿನ ಬಗ್ಗೆ ಕೇಳಿದೆ. ಬೀಡಿ ಆರಿಸಿದ.

"ಅಲ್ಲಿಗಿ ಟಿಕೇಟ್ ಕೊಡೋದು ಬಿಟ್ಟಿದ್ದೆ. ಕುಂತವ್ರು ತಾವ ಎದ್ದು ಬರ್ತಿದ್ರು. ಇಲ್ಲಿ ಯಾರೋ ಕುಂತಾರ, ಆಕಡಿ ಸರಿ ಅಂತಾರ ಅಂತಿದ್ರು."

"ಯಾವಾಗಿಂದ?"

"ಶುರು ಮಾಡಿದ ಮರುವರ್ಷದಿಂದ. ಪಂಚಮಿ ಆದ್ಮ್ಯಾಲೆ."

"ನೀವ್ ನೋಡೀರೇನ್ರೀ?"

"ನಾ ಮೋಟಾರ್ ಕಡಿ ಮಾರಿ ಮಾಡಿ ನಿಂದರ್ತಿದ್ದೆ. ನೋಡೋದು ಬ್ಯಾಡಾಗಿತ್ತು ನನಗ."

ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಮಸ್ಕಿವರೆಗೂ ಖಾಲಿ. ನಾಲ್ಕು ಜನ ನಿಂತಿದ್ದರೂ.

ಫೆಬ್ರವರಿ 9

ಹೇಳಿದರೆ ಅವ್ವನ ಕೈಯಲ್ಲಿರುವ ಒಂದೇ ಸಮಾಧಾನ ಕಿತ್ತುಕೊಂಡಂತೆ. ಹೇಳದಿದ್ದರೆ ನಾಡಿದ್ದು ರೈಲು ಕಡಿದು ಲಾರಿಗೆ ಹಾಕುತ್ತಾರೆ, ಆಮೇಲೆ ಹೇಳಿ ಏನು ಪ್ರಯೋಜನ.

ಪುಂಡಿಪಲ್ಯ ಸೋಸುತ್ತ ಕೂತಿದ್ದಳು. "ಅವ್ವ, ಅಮೂಲ್ಯಾ ರೈಲು ಹತ್ತಿರ್ಲಿಲ್ಲ. ನಾನ ಬಿಡ್ಲಿಲ್ಲ." ಎಲ್ಲ ಹೇಳಿದೆ. ಗ್ರೂಪಿನಲ್ಲಿದ್ದದ್ದನ್ನೂ ಓದಿದೆ. ಅಳಲಿಲ್ಲ, ಬಯ್ಯಲಿಲ್ಲ. ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಸೊಪ್ಪು ಪೂರ್ತಿ ಸೋಸಿ ಮುಗಿಸಿ ಕೇಳಿದಳು.

"ಎಂದ ಕಡಿತಾರಂತ?"

"ನಾಡಿದ್ದು."

"ನಾಳಿ ಹೋಗಮು."

ಫೆಬ್ರವರಿ 10, ಬೆಳಿಗ್ಗೆ 11.40, ಪಾರ್ಕು

ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಗುಜರಿಯವರು ನಿನ್ನೆಯೇ ಜನರೇಟರ್ ತಂದಿಟ್ಟಿದ್ದಾರೆ. ರೈಲು ಓಡಿಸಲು ಗಾದಿಲಿಂಗ ಒಲ್ಲೆ ಅಂದ. ಅವ್ವ ಅವನ ಕೈ ಹಿಡಿದಳು. ಅವನು ಹಳಿ ಮೇಲಿನ ಬಳ್ಳಿ ಕಿತ್ತು ವೈರು ಕೂಡಿಸಿದ. ನಾನೂ ಬರ್ತೀನಿ ಅಂದೆ. "ನೀ ಇಲ್ಲೇ ನಿಂದ್ರು" ಅಂದಳು. ಗಟ್ಟಿಯಾಗಿ ಅಲ್ಲ.

ಎರಡನೇ ಸೀಟಿನಲ್ಲಿ ಕೂತಳು. ಮುಂದಿನದು ಖಾಲಿ ಬಿಟ್ಟು.

ಮೊದಲ ಸುತ್ತು — ಕಣ್ಣು ಮುಚ್ಚಿ, ಕಂಬಿ ಬಿಗಿಹಿಡಿದು. ಎರಡನೇ ಸುತ್ತು — ಮುಂದಕ್ಕೆ ಬಾಗಿದ್ದಳು, ತುಟಿ ಅಲ್ಲಾಡುತ್ತಿತ್ತು. ಮೂರನೇ ಸುತ್ತಿಗೆ ನಗುತ್ತಿದ್ದಳು. ಅವ್ವ ಹೀಗೆ ಹಲ್ಲು ಕಾಣುವಂತೆ ನಗುವುದು ನಾನು ಮರೆತೇಬಿಟ್ಟಿದ್ದೆ.

ನಿಂತಿದೆ ರೈಲು. ಗಾದಿಲಿಂಗ ಮೋಟಾರಿನ ಕಡೆ ಮುಖ ಮಾಡಿ ನಿಂತಿದ್ದಾನೆ. ಇಳಿ ಅವ್ವ ಅಂದೆ.

"ತಡಿಯೇ. ಇನ್ನೊಂದ್ ಸುತ್ತು ಬೇಕಂತಾಳ."

ನನಗೇನೂ ಕಾಣುತ್ತಿಲ್ಲ. ಹರಿದ ರೆಕ್ಸಿನ್, ಅಷ್ಟೇ. ಕಂಡಕಂಡವರಿಗೆಲ್ಲ ಕಂಡಳು, ನನಗೆ ಯಾಕೆ ಇಲ್ಲ? ಹೊಟ್ಟೆ ಉರಿಯಿತು. ಕೂಗಿಬಿಟ್ಟೆ — "ಅವ್ವ, ನಾನೂ ಹತ್ತಲೇನು, ಕೇಳು ಆಕಿನ್ನ."

ಬಗ್ಗಿ ಕೇಳುತ್ತಿದ್ದಾಳೆ. ಇಷ್ಟು ಹೊತ್ತು ಯಾಕೆ... ತಲೆ ಎತ್ತಿದಳು. ನನ್ನ ಕಡೆ ತಿರುಗಿ ಅಂದಳು, "ಮೊದ್ಲ ನಿನ್ ತುರುಬು ಒತ್ತಿ ನೋಡ್ಬೇಕಂತಾಳ."